ಕೊಸರು

ತರಕಾರಿಯನ್ನು ತೂಗಿಸಿಕೊಂಡು, ಹಣವನ್ನು ಎಣಿಸಿಕೊಟ್ಟು, ಚೀಲವನ್ನು ಇನ್ನೇನು ಎತ್ತಿಕೊಳ್ಳಬೇಕೆನ್ನುವ ಹೊತ್ತಿನಲ್ಲಿ ಕೊಳ್ಳುವವಳು ಹಿಂದಿರುಗಿ ನಿಂತು ಕೇಳುವ, ಮಾರುವವಳು ಗೊಣಗುತ್ತಲೇ ಎತ್ತಿ ಹಾಕುವ ಆ ನಾಲ್ಕು ಹುರುಳಿಕಾಯಿಗೋ ಒಂದು ಎಸಳು ಕರಿಬೇವಿಗೋ ನಮ್ಮ ಕಡೆ ಕೊಸರು ಎಂದು ಹೆಸರು. ಅದು ತೂಕಕ್ಕೆ ಸೇರಿದುದಲ್ಲ, ಬೆಲೆಗೂ ಸೇರಿದುದಲ್ಲ. ದಾನವೆಂದರೆ ಕೊಳ್ಳುವವಳ ಮಾನಕ್ಕೆ ಕುಂದು, ಹಕ್ಕೆಂದರೆ ಮಾರುವವಳ ಬಾಯಿಗೆ ಕೆಲಸ. ಬೇಡಿಕೆಯ ರೇಖೆಯೂ ಪೂರೈಕೆಯ ರೇಖೆಯೂ ಸಂಧಿಸಿದ ಬಿಂದುವಿನಲ್ಲಿ ಬೆಲೆ ನಿರ್ಣಯವಾಗುವುದಾದರೆ, ನಿರ್ಣಯವಾದ ಮೇಲೆಯೂ ಬಂದು ಬೀಳುವ ಈ ಕರಿಬೇವು ಯಾವ ರೇಖೆಯ ಮೇಲೆ ಕುಳಿತಿದೆಯೆಂದು ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಅಧ್ಯಾಪಕರನ್ನು ನಾನು ಒಮ್ಮೆ ಕೇಳಿದೆನು. ಅವರು ಬಹಳ ಹೊತ್ತು ಯೋಚಿಸಿ, ಅದು ತಮ್ಮ ಮನೆಯಾಕೆಯ ಇಲಾಖೆಗೆ ಸೇರಿದ ವಿಷಯವೆಂದರು.

ನನ್ನ ಗೃಹಿಣಿಯಾದರೋ ಕೊಸರಿನ ವಿಷಯದಲ್ಲಿ ಬಹು ನಿಷ್ಠುರೆ. 1957ರ ಏಪ್ರಿಲ್ 1ರಂದು ನಯಾಪೈಸೆ ಜಾರಿಗೆ ಬಂದು, ಒಂದಾಣೆಗೆ ಆರೂಕಾಲು ಪೈಸೆಯಾಗಬೇಕಾದಲ್ಲಿ, ಕಾಲು ಪೈಸೆಯ ನಾಣ್ಯವಿಲ್ಲದ ಕಾರಣ ಆರೇ ಪೈಸೆಯೆಂದು ಸರ್ಕಾರದವರು ಪಟ್ಟಿಯಲ್ಲಿ ಗೊತ್ತುಮಾಡಿದಾಗ, ದೇಶದ ಗಣಿತಜ್ಞರೆಲ್ಲ ಆ ಕಾಲು ಪೈಸೆಯನ್ನು ಉದಾಸೀನದಿಂದ ಬಿಟ್ಟುಬಿಟ್ಟರು, ಅವಳು ಬಿಡಲಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹಳೆಯ ಒಂದಾಣೆಯನ್ನು ಕೊಟ್ಟು ಆರು ಪೈಸೆಯ ಸೊಪ್ಪನ್ನು ಕೊಂಡ ಪ್ರತಿಯೊಂದು ಸಲವೂ, ‘ನಿನ್ನ ಹತ್ತಿರ ನನ್ನದು ಕಾಲು ಪೈಸೆ ಉಳಿಯಿತು ನೋಡು, ಅದಕ್ಕೆ ಎರಡು ಕಡ್ಡಿ ಕೊತ್ತಂಬರಿ ಹಾಕು’ ಎಂದು ಕೇಳಿ ಪಡೆದುಕೊಂಡೇ ಬರುತ್ತಿದ್ದಳು. ನನ್ನ ಪದ್ಧತಿ ಬೇರೆ. ಅಂಗಡಿಯವನು ಹೇಳಿದ ಬೆಲೆಯನ್ನು ಹೇಳಿದಷ್ಟೇ ಕೊಟ್ಟು, ಮನೆಗೆ ಬಂದ ಮೇಲೆ ಅವಳೆದುರಿಗೆ ಎರಡಾಣೆ ಇಳಿಸಿ ಹೇಳುತ್ತೇನೆ; ಆ ಎರಡಾಣೆ ನನ್ನ ಕಾಫಿಯ ಹಣದಿಂದ ಗುಟ್ಟಾಗಿ ಭರ್ತಿಯಾಗುತ್ತದೆ. ಈ ಬಗೆಯ ಚೌಕಾಸಿಯಲ್ಲಿ ವ್ಯಾಪಾರಿಗೂ ನಷ್ಟವಿಲ್ಲ, ಗೃಹಶಾಂತಿಗೂ ಭಂಗವಿಲ್ಲ.

ಇಂಥವನು ಮನೆಯನ್ನು ಕೊಳ್ಳಲು ಹೊರಟನೆಂದರೆ ಮಿಕ್ಕುದನ್ನು ಓದುಗರು ಊಹಿಸಿಕೊಳ್ಳಬಹುದು. ಹನ್ನೊಂದು ವರ್ಷ ಬಾಡಿಗೆಯ ಮನೆಯಲ್ಲಿದ್ದು, ಗೋಡೆಗೆ ಮೊಳೆ ಹೊಡೆಯಲು ಅರ್ಜಿ, ಅರ್ಜಿಯ ಮೇಲೆ ಆಕ್ಷೇಪಣೆ, ಆಕ್ಷೇಪಣೆಗೆ ಸಮಾಧಾನ ಎಂದು ಕಾಲ ಕಳೆದು, ಕಡೆಗೆ ಪ್ರಾವಿಡೆಂಟ್ ಫಂಡಿನ ಸಾಲ, ಅವಳ ಕಡೆಯಿಂದ ಬಂದ ಎರಡೆಳೆಯ ಸರ, ನನ್ನ ಅಲ್ಪಸ್ವಲ್ಪ ಉಳಿತಾಯ ಇವೆಲ್ಲವನ್ನೂ ಒಟ್ಟುಗೂಡಿಸಿ ನೋಡಿದಾಗ 14,000 ರೂಪಾಯಿಗಳ ಅಂಚಿಗೆ ಬಂದು ನಿಂತಿತು. ಆ ಮೊತ್ತವನ್ನು ಯಾರಿಗೂ ಹೇಳಕೂಡದೆಂದು ನಮ್ಮ ಸೋದರಮಾವನವರು ನನ್ನಿಂದ ವಚನ ತೆಗೆದುಕೊಂಡರು. ಅವರು ಯೌವನದಲ್ಲಿ ಒಂದು ಬೆತ್ತದ ಕುರ್ಚಿಯ ಬೆಲೆಯನ್ನು ಮೂರು ತಿಂಗಳ ಕಾಲ ಚರ್ಚೆ ಮಾಡಿ, ಅಂಗಡಿಯವನು ಬೇಸತ್ತು ಕುರ್ಚಿಯ ವ್ಯಾಪಾರವನ್ನೇ ನಿಲ್ಲಿಸಿದನೆಂಬ ಖ್ಯಾತಿಯುಳ್ಳವರು. ಅವರ ಉಪದೇಶದ ಸಾರವಿಷ್ಟು: ‘ನೋಡಯ್ಯ, ಹೆಣ್ಣು ನೋಡಲು ಹೋದವರು ಹುಡುಗಿ ಮನಸ್ಸಿಗೆ ಬಂದರೂ, ಮೂಗು ಸ್ವಲ್ಪ ಮೊಂಡಲ್ಲವೇ ಎನ್ನುವುದಿಲ್ಲವೇ? ಹಾಗೆ. ಮನೆ ಎಷ್ಟೇ ಹಿಡಿಸಲಿ, ಮುಖ ಗಂಟಿಕ್ಕಿಕೊಂಡೇ ಒಳಗೆ ಹೋಗು. ಕಂಡದ್ದಕ್ಕೆಲ್ಲ ದೋಷ ಹೇಳು. ಒಂದೊಂದು ದೋಷಕ್ಕೆ ನೂರು ರೂಪಾಯಿ. ಇಪ್ಪತ್ತೈದು ದೋಷ ಕಂಡುಹಿಡಿದೆಯೆಂದರೆ ಎರಡೂವರೆ ಸಾವಿರ ಉಳಿಯಿತು.’ ಹೀಗೆ ನಿಂದೆಯೇ ನಾಣ್ಯವಾಗಬಲ್ಲ ಕ್ಷೇತ್ರವೊಂದು ಲೋಕದಲ್ಲಿದೆಯೆಂಬುದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

ಮನೆಯಿದ್ದುದು ಚಾಮರಾಜಪುರದಲ್ಲಿ, ನಂಜನಗೂಡಿನ ಕಡೆಗೆ ಹೋಗುವ ರೈಲಿನ ಶಿಳ್ಳು ಕೇಳಿಸುವಷ್ಟು ದೂರದಲ್ಲಿ. ಪ್ಲೇಗಿನ ಕಹಿಯುಂಡ ಮೈಸೂರು 1903ರಲ್ಲಿ ಟ್ರಸ್ಟ್ ಬೋರ್ಡನ್ನು ಏರ್ಪಡಿಸಿಕೊಂಡ ಮೇಲೆ, ಗಾಳಿ ಬೆಳಕುಗಳಿಗೂ ಒಂದು ಲೆಕ್ಕವಿಟ್ಟು ಬೆಳೆದ ಬೀದಿಗಳಲ್ಲಿ ಅದೂ ಒಂದು. ಮುಂದೆ ಎರಡು ಕಂಬಗಳ ಜಗಲಿ, ಒಳಗೆ ನಡುಮನೆ, ಬೆಳಕು ಇಳಿಯುವ ಸಣ್ಣದೊಂದು ತೊಟ್ಟಿ, ಕಾಲಿಗೆ ತಂಪೆನಿಸುವ ಗಾರೆಯ ನೆಲ, ಹಿತ್ತಿಲಲ್ಲಿ ಬಾವಿ, ಬಾವಿಯ ಬಳಿ ರಸಬಾಳೆಯ ಹಿಂಡಿಲು, ಗೋಡೆಯ ಮಗ್ಗುಲಲ್ಲಿ ಪಾರಿಜಾತದ ಗಿಡ. ಆ ಗಿಡದ ಪಕ್ಕದಲ್ಲಿ ನಿಂತು ಕತ್ತೆತ್ತಿದರೆ ಚಾಮುಂಡಿಬೆಟ್ಟ. ಅಲ್ಲಿಗೆ ಬಂದು ನಿಂತ ಕ್ಷಣದಲ್ಲಿಯೇ ನಾನು ಮನಸ್ಸಿನಲ್ಲಿ ಮನೆಯನ್ನು ಕೊಂಡಾಗಿತ್ತು. ಸೋದರಮಾವನವರು ನನ್ನ ಮುಖವನ್ನು ನೋಡಿ, ಅಪಾಯವನ್ನು ಗ್ರಹಿಸಿ, ಹಿಂದಿನಿಂದ ಬೆನ್ನನ್ನು ಚಿವುಟಿದರು. ಕೂಡಲೇ ನನ್ನ ಮುಖದಲ್ಲಿ ಮೂಡಿದ ವೇದನೆ ಯಾವ ನಟನಿಗೂ ಅಸೂಯೆ ಹುಟ್ಟಿಸುವಂತಿದ್ದಿತು.

ಮನೆಯ ಯಜಮಾನರು ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಎಪ್ಪತ್ತರ ಹತ್ತಿರದ ವಯಸ್ಸು, ಜರಿಯ ಅಂಚಿನ ಶಲ್ಯ, ಕಿವಿಯ ಮೇಲೆ ಸದಾ ಸಿಕ್ಕಿಸಿಕೊಂಡ ಒಂದು ಮೋಟು ಪೆನ್ಸಿಲು. ಅವರ ತಂದೆ 1913ರಲ್ಲಿ ಕಟ್ಟಿಸಿದ ಮನೆ ಅದು. ಮಾರುವ ಕಾರಣವನ್ನು ಕೇಳಿದುದಕ್ಕೆ ಅವರು ಹೇಳಿದರು: ‘ನಮ್ಮ ತಂದೆ ಮನೆ ಕಟ್ಟಿ ನೋಡಿದರು, ನಾನು ನಾಲ್ಕು ಜನ ಹೆಣ್ಣುಮಕ್ಕಳ ಮದುವೆ ಮಾಡಿ ನೋಡಿದೆ, ಅದರಿಂದಲೇ, ಮೇಷ್ಟ್ರೇ, ಈಗ ನಿಮ್ಮನ್ನು ನೋಡುತ್ತಿದ್ದೇನೆ.’ ಬೆಲೆ 14,500 ರೂಪಾಯಿಗಳೆಂದು ತಿಳಿಸಿ, ದೇವರ ನಾಮವನ್ನು ಹೇಳಿ ಮುಗಿಸಿದವರಂತೆ ಕಣ್ಣು ಮುಚ್ಚಿಕೊಂಡರು.

ನಾನು ಕಂಠವನ್ನು ಸರಿಪಡಿಸಿಕೊಂಡು ಮೊದಲನೆಯ ದೋಷವನ್ನು ಪ್ರಯೋಗಿಸಿದೆನು. ‘ಹೆಂಚಿನ ಮನೆ. ಮಳೆಗಾಲದಲ್ಲಿ ಒಂದು ವೇಳೆ ಸೋರಿದರೂ ಸೋರಬಹುದೇನೋ.’

‘ಸೋರಬಹುದೇನೋ ಎಂದರೇನು, ಸೋರುತ್ತದೆ’ ಎಂದರು ಶಿರಸ್ತೇದಾರರು, ಕಣ್ಣು ತೆರೆದು. ‘ಮೂರು ಕಡೆ ಸೋರುತ್ತದೆ. ಬನ್ನಿ, ತೋರಿಸುತ್ತೇನೆ.’

ಅವರು ನಮ್ಮನ್ನು ಕೈಹಿಡಿದು ನಡುಮನೆಗೆ ಕರೆದುಕೊಂಡು ಹೋಗಿ, ಇದು ಆಷಾಢದ ಸೋನೆಗೆ ಸೋರುವುದು, ಇದು ಗಾಳಿಯಿಂದ ಕೂಡಿದ ಮಳೆಗೆ ಮಾತ್ರ, ಇದು ಸ್ವಾತಿಯ ಮಳೆಗೆ ನಿಯಮ ತಪ್ಪದೆ, ಎಂದು ಮೂರು ಸ್ಥಾನಗಳನ್ನೂ ತೀರ್ಥಕ್ಷೇತ್ರಗಳನ್ನು ಪರಿಚಯ ಮಾಡಿಕೊಡುವ ಪುರೋಹಿತರಂತೆ ವಿವರಿಸಿದರು. ಅಟ್ಟದಿಂದ ಮೂರು ಪಾತ್ರೆಗಳು ಇಳಿದು ಬಂದುವು: ತಾಮ್ರದ ಕೊಳಗವೊಂದು, ಹಿತ್ತಾಳೆಯ ತಪ್ಪಲೆಯೊಂದು, ಕಂಚಿನ ಬೋಗುಣಿಯೊಂದು. ಒಂದೊಂದಕ್ಕೂ ಒಂದೊಂದು ಸ್ಥಾನ ಗೊತ್ತಾಗಿದ್ದಿತು. ಬೋಗುಣಿಯನ್ನು ತಪ್ಪಲೆಯ ಸ್ಥಾನದಲ್ಲಿಟ್ಟರೆ ನೀರು ಸಿಡಿಯುವುದೆಂದೂ, ಕೊಳಗವು ಅರ್ಧ ರಾತ್ರಿಯವರೆಗೆ ಸಾಕಾಗುವುದೆಂದೂ, ಆಮೇಲೆ ಒಬ್ಬರು ಎದ್ದು ಚೆಲ್ಲಬೇಕಾಗುವುದೆಂದೂ ಅವರು ಹೇಳಿದರು. ‘ಹೆಂಚನ್ನು ಬದಲಾಯಿಸಬಾರದಾಗಿತ್ತೇ?’ ಎಂದು ಸೋದರಮಾವನವರು ಕೇಳಿದರು. ಶಿರಸ್ತೇದಾರರು ಅವರನ್ನು ಕನಿಕರದಿಂದ ನೋಡಿ, ‘ಸ್ವಾಮಿ, ಹೆಂಚನ್ನು ಬದಲಾಯಿಸಿದರೆ ಸೋರುವ ಜಾಗ ಬದಲಾಗುತ್ತದೆ, ಅಷ್ಟೆ. ಗೊತ್ತಿರುವ ಸೋರಿಕೆಯೇ ಲೇಸಲ್ಲವೇ?’ ಎಂದು, ಸೂರಿನ ಅಂಚಿನಿಂದ ಒಂದು ಹೆಂಚನ್ನು ಜಾರಿಸಿ ತೆಗೆದು, ಅದರ ಬೆನ್ನಿನ ಮೇಲೆ ಅಚ್ಚಾಗಿದ್ದ ಬಾಸೆಲ್ ಮಿಷನ್ನಿನ ಹೆಸರನ್ನು ಬೆರಳಿನಿಂದ ಸವರಿ ತೋರಿಸಿದರು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹುಟ್ಟಿದ ಹೆಂಚಿನ ಕಾರ್ಖಾನೆಯ ವಂಶದ್ದು ಅದು. ಘಟ್ಟವನ್ನು ಹತ್ತಿ ಬಂದು ನಲವತ್ತೈದು ವರ್ಷ ಬಿಸಿಲುಂಡರೂ ಬಡಿದರೆ ಕಂಚಿನಂತೆ ನುಡಿಯುತ್ತಿದ್ದಿತು. ದೋಷವು ಹೆಂಚಿನದಲ್ಲವೆಂದೂ, ಹೆಂಚು ಹೆಂಚಿನ ನಡುವೆ ಇರುವ ಮನಸ್ತಾಪದ್ದೆಂದೂ ಅವರ ಅಭಿಪ್ರಾಯ.

ನನ್ನ ಕೈಯಲ್ಲಿದ್ದ ಬಲವಾದ ಆಯುಧವನ್ನು ಈ ಪ್ರಕಾರ ಎದುರಾಳಿಯೇ ಕಸಿದುಕೊಂಡು ಅದಕ್ಕೆ ಸಾಣೆ ಹಿಡಿದು ತೋರಿಸಿದ ಮೇಲೆ, ಉಳಿದುವನ್ನು ನಾನು ನಂಬಿಕೆಯಿಲ್ಲದೆಯೇ ಪ್ರಯೋಗಿಸಿದೆನು. ರೈಲಿನ ಗದ್ದಲವೆಂದೆ. ಮೊದಲನೆಯ ರೈಲಿಗೆ ತಾವು ಏಳುವುದೆಂದೂ, ಕಡೆಯ ರೈಲಿಗೆ ಮಲಗುವುದೆಂದೂ, ಹೀಗಾಗಿ ಗಡಿಯಾರವನ್ನೇ ಕೊಳ್ಳಲಿಲ್ಲವೆಂದೂ, ಆ ಗಡಿಯಾರದ ಬೆಲೆಯನ್ನು ಮನೆಗೆ ಸೇರಿಸಬಹುದಾಗಿದ್ದರೂ ಸೇರಿಸಿಲ್ಲವೆಂದೂ ಅವರು ಹೇಳಿದರು. ಬಚ್ಚಲಮನೆ ಕತ್ತಲೆಯೆಂದೆ. ‘ಹಗಲಿನಲ್ಲೂ ದೀಪ ಬೇಕು’ ಎಂದು ಒಪ್ಪಿಕೊಂಡು, ನಾನು ಕಾಣದೆಹೋಗಿದ್ದ ಗೋಡೆಯ ಬಿರುಕೊಂದನ್ನೂ ಗೆದ್ದಲು ಹತ್ತಿದ ಒಂದು ಜಂತಿಯನ್ನೂ ತಾವಾಗಿಯೇ ತೋರಿಸಿದರು. ನಮ್ಮ ಇಪ್ಪತ್ತೈದು ದೋಷಗಳಲ್ಲಿ ಹದಿನೇಳನ್ನು ಅವರೇ ಪೂರೈಸಿದರೆಂದ ಮೇಲೆ ಇನ್ನು ಹೇಳತಕ್ಕದ್ದೇನು?

‘ಇಷ್ಟೆಲ್ಲ ಇದ್ದ ಮೇಲೆ ಬೆಲೆಯಲ್ಲಿ...’ ಎಂದು ನಾನು ರಾಗವೆಳೆದೆನು.

‘ಇಷ್ಟೆಲ್ಲವನ್ನೂ ಲೆಕ್ಕಹಾಕಿಯೇ ಆ ಬೆಲೆ ಹೇಳಿದ್ದು. ಸೋರದೆ ಇದ್ದಿದ್ದರೆ 16,000’ ಎಂದು ಶಿರಸ್ತೇದಾರರು ಕಿವಿಯ ಮೇಲಿನ ಪೆನ್ಸಿಲನ್ನು ಮುಟ್ಟಿ ನೋಡಿಕೊಂಡರು. ‘1882ರ ಸ್ವತ್ತು ಹಸ್ತಾಂತರದ ಕಾಯಿದೆ, 55ನೆಯ ಪ್ರಕರಣ. ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ದೋಷವನ್ನು ಮಾರುವವನು ತಾನಾಗಿ ತಿಳಿಸತಕ್ಕದ್ದು. ತಿಳಿಸಿದ್ದೇನೆ. ಕೊಳ್ಳುವವನ ಕರ್ತವ್ಯವೂ ಅದೇ ಪ್ರಕರಣದಲ್ಲಿದೆ.’

‘ಏನದು?’

‘ಹಣ ಕೊಡುವುದು.’

ಸುಳ್ಳು ಹೇಳುವ ಮಾರಾಟಗಾರನನ್ನು ಸೋಲಿಸಲು ಸಾವಿರ ಉಪಾಯಗಳಿವೆ; ನಿಜವನ್ನೇ ಹೇಳುವವನ ಮುಂದೆ ನಮ್ಮ ಸೋದರಮಾವನವರಂಥವರೂ ನಿಶ್ಶಸ್ತ್ರರು. ಆದರೂ ಅವರು ಅಷ್ಟಕ್ಕೆ ಬಿಡುವವರಲ್ಲ. ಮರುದಿನ ಅಳತೆಯ ಟೇಪನ್ನು ಹಿಡಿದು ಬಂದು, ಮನೆಯ ಆಯವನ್ನು ನೋಡತಕ್ಕದ್ದೆಂದರು. ಉದ್ದವನ್ನು ಅಗಲದಿಂದ ಗುಣಿಸಿ, ಬಂದುದನ್ನು ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆ ಮನೆಯ ಆಯ. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಏನೂ ಉಳಿಯದಿದ್ದರೆ ಕಾಕ. ಬೆಸಸಂಖ್ಯೆಯಾದರೆ ಶುಭ, ಸಮಸಂಖ್ಯೆಯಾದರೆ ಅಶುಭ. ಸೋದರಮಾವನವರು ಬೀದಿಯ ಕಡೆಯಿಂದಲೂ ಹಿತ್ತಿಲ ಕಡೆಯಿಂದಲೂ ಟೇಪನ್ನು ಎಳೆದು, 42 ಅಡಿ ಉದ್ದ, 30 ಅಡಿ ಅಗಲ, ಗುಣಿಸಿದರೆ 1,260, ಎಂಟರಿಂದ ಭಾಗಿಸಿದರೆ ಶೇಷ ನಾಲ್ಕು ಎಂದು ಲೆಕ್ಕವನ್ನು ಒಪ್ಪಿಸಿ, ‘ಶ್ವಾನಾಯ! ಇದು ನಾಯಿಯ ಮನೆ. ಇದಕ್ಕೆ ಹನ್ನೆರಡು ಸಾವಿರವೂ ಹೆಚ್ಚಾಯಿತು’ ಎಂದು ವಿಜಯಧ್ವನಿ ಮಾಡಿದರು.

ಶಿರಸ್ತೇದಾರರು ಪೆನ್ಸಿಲನ್ನು ಕಿವಿಯಿಂದ ಇಳಿಸಿದರು. ‘ಹೊರಗಿನಿಂದ ಅಳೆದಿರಿ. ಗೋಡೆ ಒಂದೂವರೆ ಅಡಿ ದಪ್ಪ. ಎರಡು ಕಡೆಗೂ ಕಳೆಯಿರಿ. 39, 27. ಗುಣಿಸಿದರೆ 1,053. ಶೇಷ ಎಷ್ಟು?’

ನಾನು ಮನಸ್ಸಿನಲ್ಲಿಯೇ ಭಾಗಿಸಿ, ಐದೆಂದೆನು.

‘ವೃಷಭಾಯ. ಹೊರಗಡೆ ನಾಯಿ, ಒಳಗಡೆ ಎತ್ತು. ಎಲ್ಲಿ ಯಾವುದಿರಬೇಕೋ ಅಲ್ಲಿ ಅದಿದೆ. ನಮ್ಮ ತಂದೆಯವರು ತಿಳಿದೇ ಕಟ್ಟಿಸಿದರು’ ಎಂದು ಪೆನ್ಸಿಲನ್ನು ಮತ್ತೆ ಸ್ವಸ್ಥಾನದಲ್ಲಿರಿಸಿದರು. ಸೋದರಮಾವನವರು ಟೇಪನ್ನು ಸುತ್ತಿಕೊಂಡ ರೀತಿಯಲ್ಲಿ ಸೋತ ಸೈನ್ಯವು ಡೇರೆಗಳನ್ನು ಮಡಿಸಿಕೊಳ್ಳುವ ದೈನ್ಯವಿದ್ದಿತು.

ಮೂರನೆಯ ಪ್ರಯತ್ನವನ್ನು ದಲ್ಲಾಳಿಯೊಬ್ಬನಿಗೆ ಒಪ್ಪಿಸಿದೆವು. ಅವನ ಕೀರ್ತಿಯೆಲ್ಲ ಮುಡುಕುತೊರೆ, ಚುಂಚನಕಟ್ಟೆಗಳ ದನಗಳ ಜಾತ್ರೆಯಲ್ಲಿ ಗಳಿಸಿದುದು. ಮನೆಗಳ ವ್ಯವಹಾರಕ್ಕೆ ಇತ್ತೀಚೆಗೆ ಇಳಿದಿದ್ದನು. ಹಲ್ಲನ್ನೂ ಸುಳಿಯನ್ನೂ ನೋಡಿ ಎತ್ತಿನ ಯೋಗ್ಯತೆಯನ್ನು ನಿರ್ಣಯಿಸುತ್ತಿದ್ದ ಅಭ್ಯಾಸಬಲದಿಂದ ಅವನು ಸೂರಿನ ಹೆಂಚುಗಳನ್ನು ಹಲ್ಲುಗಳಂತೆ ಎಣಿಸಿದನು. ಜಗಲಿಯ ಕಂಬದ ಬೆನ್ನನ್ನು ತಟ್ಟಿ ಒಂದು ಕ್ಷಣ ಕಾದನು, ಅದು ಮುಂದಕ್ಕೆ ಹೆಜ್ಜೆಯಿಡಬಹುದೇನೋ ಎಂಬಂತೆ. ಜಾತ್ರೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಸಂಪ್ರದಾಯವಿಲ್ಲ. ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಮತ್ತೊಬ್ಬರು ಹಿಡಿದು, ಸುತ್ತ ನಿಂತ ನೂರು ಜನಕ್ಕೆ ತಿಳಿಯದಂತೆ ಸಾವಿರಾರು ರೂಪಾಯಿಗಳ ವ್ಯವಹಾರವನ್ನು ಮುಗಿಸುತ್ತಾರೆ. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸತಕ್ಕದ್ದೆಂದು ಅವನು ಪಟ್ಟುಹಿಡಿದನು. ಹನ್ನೆರಡು ಸಾವಿರದಿಂದ ಆರಂಭ, ಒಂದೊಂದು ಬೆರಳಿಗೆ ನೂರು, ಮೂರು ಬೆರಳನ್ನು ಮೀರಬೇಡಿರೆಂದು ನನಗೆ ಬೀದಿಯ ತಿರುವಿನಲ್ಲಿಯೇ ಪಾಠವಾಗಿದ್ದಿತು.

ಜಗಲಿಯ ಮೇಲೆ ಮೂವರೂ ಕುಳಿತೆವು. ದಲ್ಲಾಳಿಯ ಬಲಗೈ ಟವೆಲಿನ ಕೆಳಗೆ ನನ್ನ ಕೈಯಲ್ಲಿ, ಎಡಗೈ ಶಲ್ಯದ ಕೆಳಗೆ ಶಿರಸ್ತೇದಾರರ ಕೈಯಲ್ಲಿ. ಬೀದಿಯಲ್ಲಿ ಹೋಗುವವರು ಏನೋ ಪಾಣಿಗ್ರಹಣವೆಂದು ನಿಂತು ನೋಡಿದರು. ನಾನು ಎರಡು ಬೆರಳನ್ನು ಹಿಡಿಯಬೇಕೆಂದು ಸಿದ್ಧನಾಗುತ್ತಿರುವಾಗಲೇ ಪಾರಿಜಾತದ ಗಿಡದಿಂದ ಬಂದಿದ್ದ ಕಟ್ಟಿರುವೆಯೊಂದು ನನ್ನ ಹಿಮ್ಮಡಿಯನ್ನು ಕಚ್ಚಿತು. ಯಾತನೆಯಿಂದ ನಾನು ದಲ್ಲಾಳಿಯ ಅಂಗೈಯನ್ನು ಐದು ಬೆರಳೂ ಸೇರಿಸಿ ಹಿಸುಕಿದೆನು. ಇರುವೆ ಮತ್ತೊಮ್ಮೆ ಕಚ್ಚಿತು, ನಾನು ಮತ್ತೊಮ್ಮೆ ಹಿಸುಕಿದೆನು. ಅವನು ಬೆರಗಾಗಿ ನನ್ನನ್ನು ನೋಡಿದನು: ಎರಡು ಕ್ಷಣಗಳಲ್ಲಿ ನಾನು ಹದಿಮೂರು ಸಾವಿರಕ್ಕೆ ಏರಿಬಿಟ್ಟಿದ್ದೆನು. ಅತ್ತ ಎಡಗೈಯ ಕಡೆ ಬಹಳ ಹೊತ್ತಿನವರೆಗೂ ಏನೂ ಸಂಭವಿಸಲಿಲ್ಲ. ಕಡೆಗೆ ಶಿರಸ್ತೇದಾರರು ಶಲ್ಯವನ್ನು ಸರಿಸಿ, ಅವನ ಮಣಿಕಟ್ಟನ್ನು ಬಿಟ್ಟು, ‘ನಾಡಿ ಬಹಳ ಚುರುಕಾಗಿದೆ. ಪಿತ್ತ ಹೆಚ್ಚಾಗಿರಬೇಕು. ಕಾಫಿ ಕಡಿಮೆ ಮಾಡಪ್ಪ’ ಎಂದರು. ದಲ್ಲಾಳಿ ಆ ದಿನವೇ ಸಂಜೆ, ಮನೆಗಳ ವ್ಯಾಪಾರ ತನ್ನ ಜಾಯಮಾನಕ್ಕೆ ಒಗ್ಗದೆಂದು ಹೇಳಿಹೋದನು.

ಹೀಗೆ ನಾನು ಹದಿಮೂರಕ್ಕೆ ಏರಿಯೂ ಅವರು ಹದಿನಾಲ್ಕೂವರೆಯಿಂದ ಇಳಿಯದೆಯೂ ವ್ಯವಹಾರ ಕುಂಟುತ್ತಿರುವಾಗ, ಮನೆಯನ್ನು ತಾನೂ ಒಮ್ಮೆ ನೋಡಬೇಕೆಂದು ನನ್ನವಳು ಹೊರಟಳು. ದಾರಿಯುದ್ದಕ್ಕೂ ನಾನು ಅವಳಿಗೆ ಸೋದರಮಾವನವರ ಶಾಸ್ತ್ರವನ್ನು ಬೋಧಿಸಿದೆನು: ಹೊಗಳಬೇಡ, ನಗಬೇಡ, ಒಲೆ ಚಿಕ್ಕದೆನ್ನು, ಬಾವಿ ದೂರವೆನ್ನು. ಅವಳು ‘ಹೂಂ’ ಎಂದು ಒಳಗೆ ಹೋದವಳು, ಅಡಿಗೆಮನೆಯ ಹೊಸ್ತಿಲಿನಲ್ಲಿ ನಿಂತು, ಜಗಲಿಯಲ್ಲಿದ್ದ ನಮಗೆ ಕೇಳುವಂತೆ, ‘ಅಯ್ಯೋ, ಎಷ್ಟು ಚೆನ್ನಾಗಿದೆ ಅತ್ತೆ! ಒಲೆಯ ಮುಂದೆ ಕುಳಿತರೆ ಬೆಳಕು ನೇರವಾಗಿ ಪಾತ್ರೆಯೊಳಕ್ಕೇ ಬೀಳುತ್ತಲ್ಲ!’ ಎಂದಳು. ಸೋದರಮಾವನವರು ಕಣ್ಣು ಮುಚ್ಚಿಕೊಂಡರು. ನಾನು ಮನಸ್ಸಿನಲ್ಲಿ ನೂರು ರೂಪಾಯಿ ಕಳೆದೆನು. ಅವಳು ನಿಲ್ಲಿಸಲಿಲ್ಲ. ನೆಲುವು ಕಟ್ಟಿದ ಜಾಗ ಚೆನ್ನ, ಉಪ್ಪಿನಕಾಯಿ ಜಾಡಿಗೆಂದು ಮಾಡಿದ ಗೂಡು ಚೆನ್ನ, ಒರಳುಕಲ್ಲಿನ ಬಾಯಿ ಸವೆದಿರುವ ರೀತಿ ಚೆನ್ನ. ಇಷ್ಟು ನುಣುಪಾಗಬೇಕಾದರೆ ಎಷ್ಟು ವರ್ಷ ರುಬ್ಬಿದಿರೋ ಎಂದು ಕೇಳಿದಳು. ಆ ಪ್ರಶ್ನೆಯನ್ನು ನಲವತ್ತು ವರ್ಷಗಳಲ್ಲಿ ಯಾರೂ ಆ ಹೆಂಗಸನ್ನು ಕೇಳಿರಲಿಲ್ಲವೆಂದು ತೋರುತ್ತದೆ. ಒಳಗೆ ಕಾಫಿಯ ಬೀಜವನ್ನು ಹುರಿಯುವ ವಾಸನೆ ಬಂದಿತು, ಪುಡಿಮಾಡುವ ಸದ್ದಾಯಿತು, ಇಬ್ಬರ ತೌರೂ ಹೇಮಾವತಿಯ ಒಂದೇ ದಡದಲ್ಲಿರುವುದೆಂಬ ಶೋಧನೆಯಾಯಿತು. ಅರ್ಧ ಗಂಟೆಯ ಮೇಲೆ ಆಕೆ ಬಾಗಿಲ ಮರೆಗೆ ಬಂದು ನಿಂತು, ಗಂಡನನ್ನು ಉದ್ದೇಶಿಸಿ, ಆದರೆ ಕಂಬವನ್ನು ನೋಡುತ್ತ, ಇಷ್ಟೇ ಹೇಳಿದರು: ‘ಹುಡುಗಿಗೆ ಅರಿಶಿನ ಕುಂಕುಮಕ್ಕೆ ಅಂತ ಒಂದು ಐನೂರು ಬಿಟ್ಟುಬಿಡಿ.’

55ನೆಯ ಪ್ರಕರಣದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಶಿರಸ್ತೇದಾರರು ಪೆನ್ಸಿಲನ್ನು ತೆಗೆದರು, ನೋಡಿದರು, ಮತ್ತೆ ಇಟ್ಟುಕೊಂಡರು. 14,000ಕ್ಕೆ ವ್ಯವಹಾರ ಕುದುರಿತು. ಇಪ್ಪತ್ತೈದು ನಿಂದೆಗಳಿಗೆ ಒಂದು ಕಾಸೂ ಇಳಿಯದ ಬೆಲೆ ನಾಲ್ಕು ಒಳ್ಳೆಯ ಮಾತಿಗೆ ಐನೂರು ಇಳಿಯಿತು. ಅದು ನನ್ನ ಹಣದ ಅಂಚಿಗೆ ಸರಿಯಾಗಿ ಬಂದು ನಿಂತುದನ್ನು ಕಂಡು ನನಗೆ ಈಗಲೂ ಒಂದು ಸಂದೇಹವಿದೆ: ಯಾರಿಗೂ ಹೇಳಕೂಡದೆಂದಿದ್ದ ಮೊತ್ತವನ್ನು ಕಾಫಿಯ ಬೀಜ ಹುರಿಯುವಾಗ ಯಾರಾದರೂ ಯಾರಿಗಾದರೂ ಹೇಳಿರಬಹುದೇ? ಕೇಳಿದರೆ ನನ್ನವಳು, ‘ಬೆಲೆ ಯಾರು ಕೇಳಿದರು? ನಾನು ಕೊಸರು ಕೇಳಿದೆ’ ಎನ್ನುತ್ತಾಳೆ. ನಿಜ; ಆ ಐನೂರು ಕಳೆದ ಮೇಲೆಯೂ ಅವಳು ಎದ್ದು ಬರಲಿಲ್ಲ. ಒರಳುಕಲ್ಲನ್ನು ಬಿಟ್ಟುಹೋಗಬೇಕೆಂದಳು, ಒಪ್ಪಿದರು. ನೆಲುವನ್ನು ಕೇಳಿದಳು, ಒಪ್ಪಿದರು. ಮೂರು ಪಾತ್ರೆಗಳನ್ನು ಕೇಳಿದಳು. ಅದಕ್ಕೆ ಶಿರಸ್ತೇದಾರರು, ‘ಕೇಳಬೇಕೇನಮ್ಮ? ಅವು ಮನೆಗೆ ಸೇರಿದುವು’ ಎಂದರು.

ಕ್ರಯಪತ್ರವನ್ನು ಬರೆಸುವ ದಿನ ಸಬ್ ರಿಜಿಸ್ಟ್ರಾರರ ಕಚೇರಿಯ ಜಗಲಿಯಲ್ಲಿ ಪತ್ರಬರಹಗಾರನು ಮೂಗಿನ ತುದಿಯ ಕನ್ನಡಕದಿಂದ ಓದಿಹೇಳಿದನು. ಚಕ್ಕುಬಂದಿಯಾಯಿತು, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ. ಆ ಬಳಿಕ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ ನಾನೂ ನನ್ನ ಪುತ್ರಪೌತ್ರಾದಿ ಪಾರಂಪರ್ಯವೂ ಆ ಸ್ವತ್ತನ್ನು ಸುಖವಾಗಿ ಅನುಭವಿಸಿಕೊಂಡು ಬರತಕ್ಕದ್ದೆಂದು ಕೇಳಿದಾಗ ನನ್ನ ಎದೆ ಉಬ್ಬಿತು. ಹಿಂದಿನ ಅರಸರು ಅಗ್ರಹಾರಗಳನ್ನು ದತ್ತಿ ಬಿಡುತ್ತಿದ್ದ ಶಾಸನಗಳಲ್ಲಿ ಕೆತ್ತಿಸುತ್ತಿದ್ದ ಅದೇ ಎಂಟು ಭೋಗಗಳು, ಪ್ರಾವಿಡೆಂಟ್ ಫಂಡಿನ ಸಾಲಗಾರನಾದ ನನಗೂ ಒಂದೂ ಕಡಿಮೆಯಿಲ್ಲದೆ ಬಂದಿದ್ದುವು. ಜಲವೆಂಬುದರಲ್ಲಿ ಮೇಲಿನಿಂದ ಇಳಿಯುವ ಜಲವೂ ಸೇರಿದೆಯೆಂಬುದು ಆಗ ನನ್ನ ಬುದ್ಧಿಗೆ ಹೊಳೆಯಲಿಲ್ಲ. ಛಾಪಾಕಾಗದದ ವೆಚ್ಚವನ್ನು ಉಳಿಸಲು ಬೆಲೆಯನ್ನು ಸ್ವಲ್ಪ ಇಳಿಸಿ ಬರೆಸಬಹುದೆಂದು ಸೋದರಮಾವನವರು ಪಿಸುಗುಟ್ಟಿದುದಕ್ಕೆ ಶಿರಸ್ತೇದಾರರು ಕಿವಿ ಮುಚ್ಚಿಕೊಂಡರು. ಹದಿನಾಲ್ಕು ಸಾವಿರವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಸಿದರು.

ರುಜುವಾದ ಮೇಲೆ, ಶಾಯಿ 
ಆರುವವರೆಗೆ ಕಾದು, ಅವರು ಮೊದಲ ಬಾರಿಗೆ ತೊದಲುತ್ತ ಮಾತನಾಡಿದರು. ‘ಮೇಷ್ಟ್ರೇ, ಪತ್ರದಲ್ಲಿ ಸೇರದ ಒಂದು ವಿಷಯ. ನಾವು ಹೋಗುವ ವಠಾರ ಎರಡು ಬೀದಿ ಆಚೆಗಿದೆ. ಅಲ್ಲಿ ಗಿಡವಿಲ್ಲ. ಬೆಳಗಿನ ಪೂಜೆಗೆ ನಾಲ್ಕು ಪಾರಿಜಾತ...’

ಮಾರುವವನೂ ಕೊಸರು ಕೇಳುವುದುಂಟೆಂದು ನಾನು ಅಲ್ಲಿ ಕಂಡೆನು. ಸಂತೋಷದಿಂದ ಒಪ್ಪಿದೆನು. ಹೂವು ಅಷ್ಟಭೋಗಗಳ ಪಟ್ಟಿಯಲ್ಲಿ ಇರಲಿಲ್ಲವಾಗಿ, ಕಾಯಿದೆಯ ತೊಡಕೂ ಇರಲಿಲ್ಲ.

ಅಂದಿನಿಂದ ಪ್ರತಿದಿನ, ಮೊದಲನೆಯ ರೈಲು ಶಿಳ್ಳು ಹಾಕುವ ಹೊತ್ತಿಗೆ, ಬಿದಿರಿನ ಬುಟ್ಟಿಯೊಂದು ನಮ್ಮ ಹಿತ್ತಿಲಿಗೆ ಬರುತ್ತದೆ. ಪಾರಿಜಾತವನ್ನು ಕೀಳಬೇಕಾಗಿಲ್ಲ, ಅದು ತಾನಾಗಿ ಉದುರಿರುತ್ತದೆ, ಬಾಗಿ ಆಯ್ದುಕೊಂಡರಾಯಿತು. ಆದರೆ ಬಾಗಿದ ಬೆನ್ನನ್ನು ನೇರ ಮಾಡಿಕೊಳ್ಳುವಾಗ ಶಿರಸ್ತೇದಾರರ ಕಣ್ಣು ಒಮ್ಮೆ ಮನೆಯ ಸುತ್ತ ಹರಿಯುವುದು ಅನಿವಾರ್ಯ. ಬಾವಿಯ ಹಗ್ಗ ಸವೆದಿದೆಯೆಂದೂ, ಬಾಳೆಯ ಕಂದನ್ನು ಈ ಪಕ್ಕಕ್ಕೆ ನೆಡಬಾರದಾಗಿತ್ತೆಂದೂ, ಜಗಲಿಯ ಕಂಬಕ್ಕೆ ಈ ಬಣ್ಣವನ್ನು ಯಾರು ಹೇಳಿದರೆಂದೂ ಮೆಲ್ಲಗೆ ವಿಚಾರಿಸುತ್ತಾರೆ. ಕೊಳ್ಳುವ ಮೊದಲು ನಾನು ಆ ಮನೆಗೆ ಕಂಡ ದೋಷಗಳೆಲ್ಲ, ಕೊಂಡ ಮೇಲೆ ಬಡ್ಡಿ ಸಮೇತ ನನ್ನ ಮೇಲೆಯೇ ಹಿಂದಿರುಗುತ್ತಿವೆಯಾಗಿ, ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ.

ಆ ಐನೂರು ರೂಪಾಯಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಪ್ರಾವಿಡೆಂಟ್ ಫಂಡಿನವರು ಕೊಡಲೊಪ್ಪಿದ್ದುದಕ್ಕಿಂತ ಕೊಂಚ ಹೆಚ್ಚಾಗಿಯೇ ಕೊಟ್ಟುದರಿಂದ ಅದರಲ್ಲಿ ಒಂದು ಪಾಲು ನಿಜವಾಗಿ ಕೈಯಲ್ಲಿ ಉಳಿಯಿತು. ಅದನ್ನು ಕಂಡ ಸೋದರಮಾವನವರು, ಸೋರುವ ಮನೆಯಲ್ಲಿ ವಿದ್ಯಾವಂತನು ವಾಸ ಮಾಡುವುದು ಅಪಹಾಸ್ಯವೆಂದು ಪ್ರೇರೇಪಿಸಿ, ಬೇಸಗೆಯಲ್ಲಿ ಕೆಲಸದವರನ್ನು ಕರೆಸಿ, ಮೂರು ಸ್ಥಾನಗಳ ಮೇಲಿನ ಹೆಂಚುಗಳನ್ನು ತೆಗೆಸಿ ಹೊಸದನ್ನು ಹಾಕಿಸಿದರು. ಕೆಲಸ ನಡೆದಷ್ಟು ದಿನವೂ ಶಿರಸ್ತೇದಾರರು ಹೂವನ್ನು ಆಯ್ದುಕೊಂಡು, ಮೇಲಕ್ಕೆ ಒಮ್ಮೆ ನೋಡಿ, ಏನೂ ಹೇಳದೆ ಹೋದರು. ಆಷಾಢ ಬಂದಿತು. ಮೊದಲನೆಯ ಸೋನೆಯ ದಿನ ಬೆಳಗಿನ ಜಾವದಲ್ಲಿ ನಾನು ಎದ್ದು ದೀಪ ಹಚ್ಚಿ ನೋಡುತ್ತೇನೆ: ಮೂರು ಸೋರಿಕೆಗಳೂ ಹಳೆಯ ನಿಷ್ಠೆಯಿಂದ ತಮ್ಮ ತಮ್ಮ ಸ್ಥಾನಗಳಲ್ಲಿದ್ದುವು, ಅವುಗಳಲ್ಲದೆ ನಾಲ್ಕನೆಯದೊಂದು, ಲೆಕ್ಕದಲ್ಲಿಲ್ಲದುದು, ನನ್ನ ಬರೆಯುವ ಮೇಜಿನ ಮೇಲೆ, ಈ ಪ್ರಬಂಧದ ಮೊದಲನೆಯ ಪುಟದ ಮೇಲೆ ಬೀಳುತ್ತಿದ್ದಿತು.

ರೈಲಿನ ಶಿಳ್ಳಿಗೆ ಸರಿಯಾಗಿ ಶಿರಸ್ತೇದಾರರು ಕೊಡೆ ಹಿಡಿದುಕೊಂಡು ಬಂದರು. ನಾನು ಅವರನ್ನು ಒಳಕ್ಕೆ ಕರೆದು, ಮೇಜನ್ನು ತೋರಿಸಿ, ಅವರ ಧ್ವನಿಯನ್ನೇ ಅನುಕರಿಸಿ, ‘55ನೆಯ ಪ್ರಕರಣ’ ಎಂದೆನು. ಅವರು ಮೊದಲು ಉಳಿದ ಮೂರು ಪಾತ್ರೆಗಳ ಬಳಿಗೆ ಹೋಗಿ, ನಾನು ಇಟ್ಟಿದ್ದ ಕೊಳಗವನ್ನು ತಪ್ಪಲೆಯ ಜಾಗಕ್ಕೂ ತಪ್ಪಲೆಯನ್ನು ಕೊಳಗದ ಜಾಗಕ್ಕೂ ಬದಲಾಯಿಸಿದರು. ಅನಂತರ ಮೇಜಿನ ಬಳಿ ನಿಂತು, ಕನ್ನಡಕವನ್ನು ಒರೆಸಿಕೊಂಡು, ಸೂರನ್ನು ಬಹಳ ಹೊತ್ತು ದಿಟ್ಟಿಸಿದರು.

‘ಇಲ್ಲ, ಮೇಷ್ಟ್ರೇ’ ಎಂದರು ಕಡೆಗೆ. ‘ಇದನ್ನು ನಾನು ಮಾರಿಲ್ಲ. ಇದಕ್ಕೆ ನೀವು ಹಣವನ್ನೂ ಕೊಟ್ಟಿಲ್ಲ. ಇದು ಕೊಸರು.’

ಹಾಗೆಂದು, ಒಳಗಿನಿಂದ ನಮ್ಮ ಹಾಲಿನ ಪಾತ್ರೆಯನ್ನು ತರಿಸಿ, ಒದ್ದೆಯಾದ ನನ್ನ ಕಾಗದಗಳನ್ನು ಪಕ್ಕಕ್ಕೆ ತೆಗೆದು, ಪಾತ್ರೆಯನ್ನು ಹನಿಯ ಕೆಳಗಿಟ್ಟು, ಒಂದು ಕ್ಷಣ ಕೇಳಿಸಿಕೊಂಡು, ಅರ್ಧ ಗೇಣು ಎಡಕ್ಕೆ ಸರಿಸಿದರು.